ಮುತ್ಯಾನ ಕೊಳ್ಳಿ ದೆವ್ವ, ಟಿವಿಯ ಹಾರುವ ತಟ್ಟೆ

ಹಾರುವ ತಟ್ಟೆಯನ್ನು ಜಗತ್ತಿಗೆ ಪರಿಚಯಿಸಿದ ಮನುಷ್ಯ ತಟ್ಟೆಯನ್ನು ನೋಡಿರಲೇ ಇಲ್ಲ. ಈ ಒಂದು ಎಳೆ ಹಿಡಿದು ಎಳೆದರೆ ಯುಎಫ್‌ಒ (ಅನ್‌ಐಡೆಂಟಿಫೈಡ್ ಫ್ಲೈಯಿಂಗ್ ಆಬ್ಜೆಕ್ಟ್, ಅಂದರೆ ಗುರುತು ಸಿಗದ ಹಾರುವ ವಸ್ತು) ಕಥೆಗಳ ಗಂಟು ಬಹಳಷ್ಟು ಬಿಚ್ಚಿಕೊಳ್ಳುತ್ತದೆ.

ಅವರ ಹೆಸರು ಕೆನೆತ್ ಅರ್ನಾಲ್ಡ್. ಅಮೆರಿಕದ ವ್ಯಾಪಾರಿ. ಸ್ವಂತದ್ದೊಂದು ಸಣ್ಣ ವಿಮಾನ ಇಟ್ಟುಕೊಂಡಿದ್ದರು. 1947ರ ಜೂನ್ 24ರ ಮಧ್ಯಾಹ್ನ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಹತ್ತಿರ ಹಾರುತ್ತಿದ್ದರು. ಅಲ್ಲೆಲ್ಲೋ ಬಿದ್ದಿದ್ದ ಸೈನ್ಯದ ವಿಮಾನವೊಂದನ್ನು ಹುಡುಕುತ್ತಿದ್ದರು. ಆಗ ಒಂಬತ್ತು ಹೊಳೆಯುವ ವಸ್ತುಗಳು ಸಾಲು ಹಿಡಿದು ಹೋಗುವುದು ಕಂಡಿತು. ಎರಡು ಬೆಟ್ಟಗಳ ನಡುವಿನ ದಾರಿಯನ್ನು ಅವು ಎಷ್ಟು ಹೊತ್ತಿನಲ್ಲಿ ದಾಟಿದವು ಎಂದು ಗಡಿಯಾರ ನೋಡಿ ಲೆಕ್ಕ ಹಾಕಿದರು. ಎಷ್ಟು ಕಡಿಮೆ ಹಿಡಿದರೂ ಗಂಟೆಗೆ 1,200 ಮೈಲಿ ಬಂತು. ಮನುಷ್ಯ ಶಬ್ದದ ವೇಗ ಮೀರಿ ಹಾರಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಅಂಥ ವಿಮಾನ ಯಾರ ಹತ್ತಿರವೂ ಇರಲಿಲ್ಲ.

ಕೆಳಗಿಳಿದ ಮೇಲೆ ಪತ್ರಿಕೆಯವರು ಕೇಳಿದರು. ಹೇಗೆ ಹಾರುತ್ತಿದ್ದವು? ನೀರಿನ ಮೇಲೆ ಸಾಸರ್ ಬೀಸಿ ಎಸೆದರೆ ಕುಪ್ಪಳಿಸುತ್ತಾ ಹೋಗುತ್ತದಲ್ಲ, ಹಾಗೆ ಎಂದರು ಅರ್ನಾಲ್ಡ್. ನಾವು ಹುಡುಗರಾಗಿದ್ದಾಗ ಭೂತನಾಳ ಕೆರೆಯಲ್ಲಿ ಹೆಂಚಿನ ಚೂರು ಬೀಸಿ ಎಸೆಯುತ್ತಿದ್ದೆವು. ಮೂರು ಸಲ, ನಾಲ್ಕು ಸಲ ನೀರು ಮುಟ್ಟಿ ಜಿಗಿದು ಮುಳುಗುತ್ತಿತ್ತು. ಅರ್ನಾಲ್ಡ್ ಹೇಳಿದ್ದು ಆ ಜಿಗಿತದ ಮಾತು, ಆಕಾರದ ಮಾತಲ್ಲ. ಸೈನ್ಯಕ್ಕೆ ಅವರು ಬರೆದುಕೊಟ್ಟ ಚಿತ್ರದಲ್ಲಿ ಇರುವುದು ಮುಂದೆ ದುಂಡಗೆ, ಹಿಂದೆ ಚೂಪಾಗುತ್ತಾ ಹೋಗುವ ಒಂದು ವಸ್ತು. ಬೂಟಿನ ಹಿಮ್ಮಡಿಯಂತೆ ಕಾಣುತ್ತದೆ. ಆದರೆ ಪತ್ರಿಕೆಗಳು 'ಹಾರುವ ಸಾಸರ್' ಎಂದು ಅಚ್ಚು ಹಾಕಿದವು. ಮುಂದಿನ ಕೆಲವೇ ವಾರಗಳಲ್ಲಿ ಅಮೆರಿಕದ ಉದ್ದಗಲಕ್ಕೂ ನೂರಾರು ಜನ ಆಕಾಶದಲ್ಲಿ ಏನನ್ನೋ ಕಂಡೆವು ಎಂದರು. ಬಹಳ ಜನ ಕಂಡದ್ದು ದುಂಡನೆಯ ತಟ್ಟೆ.

ಒಂದು ನಿಮಿಷ ಯೋಚಿಸಿ. ಅರ್ನಾಲ್ಡ್ ಕಂಡದ್ದು ಬೇರೆ ಲೋಕದವರ ವಾಹನವೇ ಆಗಿದ್ದರೆ, ಉಳಿದವರಿಗೂ ಬೂಟಿನ ಹಿಮ್ಮಡಿಯೇ ಕಾಣಬೇಕಿತ್ತು ಅಲ್ವಾ? ಪತ್ರಿಕೆ ಮಾಡಿದ ತಪ್ಪು ಆಕಾಶದಲ್ಲಿ ಹಾರಲು ಸಾಧ್ಯವಿಲ್ಲ. ಅದು ಹಾರಿದ್ದು ಜನರ ತಲೆಯಲ್ಲಿ. ಹಾಗೆಂದು ಆ ನೂರಾರು ಜನ ಸುಳ್ಳು ಹೇಳಿದರು ಅಂತಲೂ ಅಲ್ಲ. ಏನೋ ಕಂಡಿತ್ತು. ಅದಕ್ಕೊಂದು ಆಕಾರ ಬೇಕಿತ್ತು. ಆ ವಾರ ಎಲ್ಲರ ಬಾಯಲ್ಲಿದ್ದ ಆಕಾರ ತಟ್ಟೆಯದ್ದು.

ಇದು ನನಗೆ ಚೆನ್ನಾಗಿ ಅರ್ಥವಾಗುವುದು ನನ್ನ ಮುತ್ಯಾನನ್ನು ನೆನೆದಾಗ. ನಮ್ಮ ಹೊಲ ಡೋಣಿ ಹೊಳೆಯ ದಂಡೆಯ ಎರೆ ಭೂಮಿ. ಹಿಂಗಾರಿ ಜೋಳ ತೆನೆ ಬಿಟ್ಟಾಗ ರಾತ್ರಿ ಕಾವಲಿಗೆ ಮುತ್ಯಾನ ಜೊತೆ ನಾನೂ ಹೋಗುತ್ತಿದ್ದೆ. ಒಮ್ಮೆ ಹಳ್ಳದ ಆಚೆ ಒಂದು ಬೆಳಕು ಕಂಡಿತು. ಹತ್ತುವುದು, ಆರುವುದು, ಸ್ವಲ್ಪ ಸರಿದು ಮತ್ತೆ ಹತ್ತುವುದು. "ಮುತ್ಯಾ, ಅದೇನದು?" ಎಂದೆ. "ಕೊಳ್ಳಿ ದೆವ್ವ ಐತಿ. ಅದರ ಕಡೀ ನೋಡಬ್ಯಾಡ, ಸುಮ್ನ ಮಲಕೋ" ಎಂದರು. ಅಷ್ಟು ಹೇಳಿ ಕಂಬಳಿ ಎಳೆದುಕೊಂಡರು. ನಾನು ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ.

ಕೊಳ್ಳಿ ಅಂದರೆ ಒಲೆಯಲ್ಲಿ ಉರಿಯುವ ಕಟ್ಟಿಗೆ. ಯಾರೋ ಉರಿಯುವ ಕೊಳ್ಳಿ ಹಿಡಿದು ಕತ್ತಲಲ್ಲಿ ನಡೆದಂತೆ ಕಾಣುವುದರಿಂದ ಆ ಹೆಸರು. ಜೌಗು ನೆಲದಲ್ಲಿ ಕೊಳೆತದ್ದರಿಂದ ಹುಟ್ಟುವ ಅನಿಲ ಹೊತ್ತಿಕೊಳ್ಳುತ್ತದೆ ಎನ್ನುವುದು ಹಳೆಯ ವಿವರಣೆ. ಎಲ್ಲ ಬೆಳಕಿಗೂ ಅದೊಂದೇ ಕಾರಣ ಇರಬೇಕಿಲ್ಲ. ದೂರದ ಹೊಲದಲ್ಲಿ ಯಾರೋ ಹಿಡಿದ ಕಂದೀಲು ಇರಬಹುದು. ನಮ್ಮ ಕಣ್ಣಿನದೂ ಒಂದು ಆಟ ಇದೆ. ಪೂರ್ತಿ ಕತ್ತಲಲ್ಲಿ ಒಂದೇ ಒಂದು ಬೆಳಕಿನ ಚುಕ್ಕಿಯನ್ನು ದಿಟ್ಟಿಸಿ ನೋಡಿದರೆ, ನಿಂತಲ್ಲೇ ಇರುವ ಆ ಚುಕ್ಕಿ ಅತ್ತಿತ್ತ ಸರಿದಂತೆ ಕಾಣುತ್ತದೆ. ಪಕ್ಕದಲ್ಲಿ ಹೋಲಿಸಿ ನೋಡಲು ಮರವೋ ಗೋಡೆಯೋ ಇಲ್ಲದಿದ್ದರೆ ಮಿದುಳಿಗೆ ಜಾಗ ಗುರುತು ಹಿಡಿಯಲು ಆಗುವುದಿಲ್ಲ.

ನನ್ನ ಅಕ್ಕನ ಮಗನಿಗೆ ಈಗ ಹನ್ನೆರಡು ವರ್ಷ. ಅದೇ ಹೊಲ, ಅದೇ ದಿಕ್ಕು. ಅವನು ಬೆಳಕು ಕಂಡರೆ "ಮಾಮಾ, ಯುಎಫ್‌ಒ!" ಎನ್ನುತ್ತಾನೆ. ಕೊಳ್ಳಿ ದೆವ್ವ ಎಂಬ ಮಾತೇ ಅವನಿಗೆ ಗೊತ್ತಿಲ್ಲ. ಬೆಳಕು ಬದಲಾಗಿಲ್ಲ. ಹೆಸರಿಡುವ ಕಥೆ ಬದಲಾಗಿದೆ.

ಹಾಗಾಗಿ ಈ ವಿಷಯದಲ್ಲಿ ಎರಡು ಪದ ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು, ಕಂಡದ್ದು. ಇನ್ನೊಂದು, ಕಟ್ಟಿದ್ದು. ಇದಕ್ಕೆ ನಮ್ಮ ವಿಜಯಪುರದಲ್ಲೇ ಒಂದು ಉದಾಹರಣೆ ತೂಗುತ್ತಿದೆ. ಗೋಳಗುಮ್ಮಟದ ಬಾಗಿಲ ಮೇಲೆ ಸರಪಳಿಯಲ್ಲಿ ಒಂದು ಕಲ್ಲು ಕಟ್ಟಿದ್ದಾರೆ. ಬಿಜಲಿ ಪತ್ಥರ್ ಎನ್ನುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಆಕಾಶದಿಂದ ಬಿದ್ದ ಉಲ್ಕೆಯ ತುಂಡು ಅದು, ಇಡೀ ಕಟ್ಟಡವನ್ನು ಸಿಡಿಲಿನಿಂದ ಕಾಯುತ್ತದೆ ಎನ್ನುವ ಮಾತಿದೆ. ಪಿಸುಮಾತಿನ ಗ್ಯಾಲರಿಗೆ ಓಡುವ ಅವಸರದಲ್ಲಿ ಬಹಳ ಜನ ಅದರ ಕಡೆ ತಲೆ ಎತ್ತುವುದೇ ಇಲ್ಲ. ಮೇಲಿನಿಂದ ಕಲ್ಲು ಬೀಳುವುದು ನಿಜಕ್ಕೂ ನಡೆಯುವ ಸಂಗತಿ. ಅದು ಸಿಡಿಲನ್ನು ತಡೆಯುತ್ತದೆ ಎನ್ನುವುದು ನಾವು ಕಟ್ಟಿದ್ದು.

ಕಟ್ಟುವ ಕೆಲಸ ಬಹಳ ಹಳೆಯದು. ಸುಮಾರು 815ರ ಹೊತ್ತಿಗೆ ಇಂದಿನ ಫ್ರಾನ್ಸಿನ ಲಿಯೋನ್ ಊರಿನ ಬಿಷಪ್ ಆಗೊಬಾರ್ಡ್ ಒಂದು ಬರಹ ಬರೆದರು. ಮೋಡದೊಳಗೆ ಹಡಗು ಬರುತ್ತವೆ, ಮಗೋನಿಯಾ ಎಂಬ ದೇಶದಿಂದ ಬರುತ್ತವೆ, ಆಲಿಕಲ್ಲು ಬಿದ್ದು ಹಾಳಾದ ಬೆಳೆಯನ್ನು ತುಂಬಿಕೊಂಡು ಹೋಗುತ್ತವೆ ಎಂದು ಅಲ್ಲಿನ ಜನ ನಂಬಿದ್ದರಂತೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಆಣಿಕಲ್ಲು ಮಳೆ ಅಂದರೆ ಏನು ಎಂದು ಕೇಳಿ ನೋಡಿ. ವರ್ಷದ ದುಡಿಮೆ ಹತ್ತು ನಿಮಿಷದಲ್ಲಿ ನೆಲಕ್ಕೆ. ಇಷ್ಟು ದೊಡ್ಡ ನಷ್ಟಕ್ಕೆ ಯಾರೋ ಕಾರಣ ಇರಲೇಬೇಕು ಎಂದು ಅನ್ನಿಸುವುದು ಸಹಜ. ಮೂವರು ಗಂಡಸರು, ಒಬ್ಬ ಹೆಂಗಸನ್ನು ಹಿಡಿದು ತಂದು, ಇವರು ಆ ಹಡಗಿನಿಂದ ಬಿದ್ದವರು, ಕಲ್ಲು ಹೊಡೆದು ಕೊಲ್ಲಬೇಕು ಎಂದು ಗುಂಪು ಕೂಡಿತ್ತು. ಆಗೊಬಾರ್ಡ್ ಅವರು ವಾದ ಮಾಡಿ ಬಿಡಿಸಿದರು. ಫ್ರಾನ್ಸಿನಲ್ಲಿ ಹುಟ್ಟಿದ ಖಗೋಳ ತಜ್ಞ ಜಾಕ್ ವಾಲೆ 1969ರಲ್ಲಿ ಇದನ್ನು ಎತ್ತಿಕೊಂಡು, ಹಳೆಯ ಕಿನ್ನರ ಕಥೆಗಳೂ ಹೊಸ ಯುಎಫ್‌ಒ ಕಥೆಗಳೂ ಎಷ್ಟು ಹೋಲುತ್ತವೆ ಎಂದು ತೋರಿಸಿದರು. ಎತ್ತಿಕೊಂಡು ಹೋಗುವುದು, ಕಾಲ ಕಳೆದುಹೋಗುವುದು, ಮರಳಿ ಬಂದವರಿಗೆ ಸರಿಯಾಗಿ ನೆನಪಿಲ್ಲದಿರುವುದು. ಎಲ್ಲ ಅಲ್ಲೂ ಇದೆ, ಇಲ್ಲೂ ಇದೆ.

ಆಮೇಲೆ 1896 ಮತ್ತು 97. ಅಮೆರಿಕದ ಊರೂರಲ್ಲಿ ಜನ ಆಕಾಶದಲ್ಲಿ ಚುಟ್ಟಾ ಆಕಾರದ ಹಡಗು ಕಂಡರು. ಅದಕ್ಕೆ ಫ್ಯಾನ್ ಇತ್ತು, ದೊಡ್ಡ ದೀಪ ಇತ್ತು. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಆದರೆ ಹಾರುವ ಯಂತ್ರ ಇನ್ನೇನು ಬಂದೇಬಿಡುತ್ತದೆ ಎಂದು ಪತ್ರಿಕೆ, ಕಥೆ, ಚಿತ್ರಗಳಲ್ಲಿ ಆಗಲೇ ತುಂಬಿತ್ತು. ಒಂಬತ್ತನೇ ಶತಮಾನದವರಿಗೆ ಹಾಯಿ ಹಡಗು, 1897ರವರಿಗೆ ಫ್ಯಾನಿನ ಹಡಗು, 1947ರವರಿಗೆ ಲೋಹದ ತಟ್ಟೆ. ಆಕಾಶದಲ್ಲಿ ಕಾಣುವ ವಾಹನ ಯಾವಾಗಲೂ ನೋಡುವವರ ಕಾಲಕ್ಕಿಂತ ಒಂದೇ ಒಂದು ಹೆಜ್ಜೆ ಮುಂದೆ ಇರುತ್ತದೆ. ಹತ್ತು ಹೆಜ್ಜೆ ಮುಂದೆ ಇರುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ಸುಳಿವು ಬೇರೆ ಬೇಕಾಗಿಲ್ಲ.

ಈಗ ಟಿವಿಗೆ ಬರೋಣ. ಇಲ್ಲಿಯ ಒಂದು ಪ್ರಸಂಗವನ್ನು ಸಾವಕಾಶ ಹೇಳಬೇಕು.

ಬೆಟ್ಟಿ ಮತ್ತು ಬಾರ್ನಿ ಹಿಲ್ ಎಂಬ ದಂಪತಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದವರು. ಬೆಟ್ಟಿ ಸಮಾಜ ಕಾರ್ಯಕರ್ತೆ, ಬಾರ್ನಿ ಅಂಚೆ ಇಲಾಖೆಯಲ್ಲಿದ್ದರು. ಬೆಟ್ಟಿ ಬಿಳಿಯರು, ಬಾರ್ನಿ ಕಪ್ಪು ಜನಾಂಗದವರು. ಆ ಕಾಲದ ಅಮೆರಿಕದಲ್ಲಿ ಇಂಥ ಜೋಡಿ ಹೊರಗೆ ಹೊರಟರೆ ಎಲ್ಲರ ಕಣ್ಣೂ ಅವರ ಮೇಲೆಯೇ. 1961ರ ಸೆಪ್ಟೆಂಬರ್ 19ರ ರಾತ್ರಿ ಕೆನಡಾದಿಂದ ಕಾರಿನಲ್ಲಿ ಮರಳುತ್ತಿದ್ದಾಗ ಒಂದು ಬೆಳಕು ತಮ್ಮನ್ನು ಹಿಂಬಾಲಿಸಿದಂತೆ ಅನ್ನಿಸಿತು. ಮನೆ ಮುಟ್ಟಿದಾಗ ಅಂದುಕೊಂಡದ್ದಕ್ಕಿಂತ ಬಹಳ ತಡವಾಗಿತ್ತು. ಮುಂದೆ ಬೆಟ್ಟಿ ಅವರು ಗ್ರಂಥಾಲಯದಿಂದ ಹಾರುವ ತಟ್ಟೆಯ ಪುಸ್ತಕ ತಂದು ಓದಿದರು. ಕೆಟ್ಟ ಕನಸು ಬೀಳತೊಡಗಿದವು. ಕನಸಿನಲ್ಲಿ ಯಾರೋ ತಮ್ಮನ್ನು ವಾಹನದೊಳಗೆ ಕರೆದೊಯ್ದು ಪರೀಕ್ಷೆ ಮಾಡಿದಂತೆ.

ಬಾರ್ನಿ ಅವರಿಗೆ ನೆಮ್ಮದಿ ಹೋಗಿತ್ತು. 1964ರಲ್ಲಿ ಬಾಸ್ಟನ್‌ನ ಮನೋವೈದ್ಯ ಬೆಂಜಮಿನ್ ಸೈಮನ್ ಇಬ್ಬರಿಗೂ ಬೇರೆ ಬೇರೆಯಾಗಿ ಸಮ್ಮೋಹನ ಮಾಡಿ ನೆನಪು ಕೆದಕಿದರು. ಫೆಬ್ರವರಿ 22ರಂದು ಬಾರ್ನಿ ಆ ಜೀವಿಗಳ ಕಣ್ಣನ್ನು ವರ್ಣಿಸಿದರು. ಮುಖದ ಬದಿಯವರೆಗೂ ಸುತ್ತಿಕೊಂಡ ಉದ್ದನೆಯ ಕಣ್ಣು. ಆ ಕಣ್ಣು ತನ್ನ ಜೊತೆ ಮಾತಾಡುತ್ತದೆ ಎಂದರು.

ಅದಕ್ಕೆ ಸರಿಯಾಗಿ ಹನ್ನೆರಡು ದಿನ ಮೊದಲು, ಫೆಬ್ರವರಿ 10ರಂದು, 'ದಿ ಔಟರ್ ಲಿಮಿಟ್ಸ್' ಎಂಬ ವೈಜ್ಞಾನಿಕ ಕಥೆಗಳ ಧಾರಾವಾಹಿಯಲ್ಲಿ ಒಂದು ಕಂತು ಬಂದಿತ್ತು. ಅದರಲ್ಲಿನ ಅನ್ಯಲೋಕದ ಜೀವಿಯ ಕಣ್ಣು ಮುಖದ ಬದಿಗೆ ಸುತ್ತಿಕೊಂಡಂತೆ ಇದ್ದವು. ಕಣ್ಣೇ ಮಾತಾಡುತ್ತದೆ ಎಂಬ ಅರ್ಥದ ಮಾತನ್ನೂ ಆ ಪಾತ್ರ ಆಡುತ್ತದೆ. ಮಾರ್ಟಿನ್ ಕೋಟ್‌ಮೆಯರ್ ಎಂಬ ಬರಹಗಾರ 1990ರಲ್ಲಿ ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಆ ಧಾರಾವಾಹಿ ನೋಡುವವರು ತಾವಲ್ಲ ಎಂದು ಬೆಟ್ಟಿ ಹೇಳಿದರು. ಬಾರ್ನಿಯನ್ನು ಕೇಳಲು ಆಗಲಿಲ್ಲ. ಅವರು 1969ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಬಾರ್ನಿ ಟಿವಿ ನೋಡಿ ಕಥೆ ಕಟ್ಟಿದರೇ? ನಾನು ಹಾಗೆ ಹೇಳಲಾರೆ. ಎರಡು ತಾರೀಖು ಹತ್ತಿರ ಇದ್ದ ಮಾತ್ರಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಆದರೆ ನೆನಪು ಕೆಲಸ ಮಾಡುವ ರೀತಿ ತಿಳಿದರೆ, ಇದು ಹೇಗೆ ನಡೆಯಬಹುದು ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ಫೋಟೊ ಅಲ್ಲ. ಪ್ರತಿ ಸಲ ನೆನೆದಾಗಲೂ ಅದನ್ನು ಹೊಸದಾಗಿ ಕಟ್ಟುತ್ತೇವೆ. ಕಟ್ಟುವಾಗ ಕೈಗೆ ಸಿಕ್ಕ ಇಟ್ಟಿಗೆ ಎಲ್ಲಿಂದ ಬಂತು ಎಂದು ಯಾವಾಗಲೂ ನೋಡುವುದಿಲ್ಲ.

ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರಲ್ಲಿ ಜಾನ್ ಪಾಮರ್ ಅವರ ಜೊತೆ ಮಾಡಿದ ಪ್ರಯೋಗ ಬಹಳ ಸರಳ. ಕಾರು ಅಪಘಾತದ ಚಿಕ್ಕ ಚಿತ್ರ ತೋರಿಸಿದರು. ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಎಂದು ಐವತ್ತು ಜನರನ್ನು ಕೇಳಿದರು. 'ಅಪ್ಪಳಿಸಿದಾಗ' ಎಷ್ಟಿತ್ತು ಎಂದು ಬೇರೆ ಐವತ್ತು ಜನರನ್ನು ಕೇಳಿದರು. ಒಂದು ವಾರ ಬಿಟ್ಟು, ಗಾಜು ಒಡೆದದ್ದು ನೋಡಿದಿರಾ ಎಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. 'ತಾಗಿದಾಗ' ಎಂದು ಕೇಳಿಸಿಕೊಂಡವರಲ್ಲಿ 7 ಜನ ಹೌದು ಎಂದರು. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರಲ್ಲಿ 16 ಜನ. ಒಂದೇ ಒಂದು ಪದ ಇಲ್ಲದ ಗಾಜನ್ನು ಒಡೆದು ಹಾಕಿತು. ಇನ್ನು ಸಮ್ಮೋಹನದಲ್ಲಿ ಅರೆ ಎಚ್ಚರದಲ್ಲಿರುವ, ಹೆದರಿದ ಮನುಷ್ಯನ ಪಾಡು ಏನು? ವೈದ್ಯ ಸೈಮನ್ ಅವರೇ, ಬೆಟ್ಟಿಯ ಕನಸುಗಳನ್ನು ಕೇಳಿ ಕೇಳಿ ಬಾರ್ನಿಗೂ ಅದು ತನ್ನ ನೆನಪಾಯಿತು ಎಂಬ ತೀರ್ಮಾನಕ್ಕೆ ಬಂದರು. ಇಬ್ಬರೂ ಸುಳ್ಳುಗಾರರಲ್ಲ ಎಂದೇ ಅವರ ನಂಬಿಕೆ. ನನಗೂ ಹಾಗೇ ಅನ್ನಿಸುತ್ತದೆ. ಆ ರಾತ್ರಿಯ ಹೆದರಿಕೆ ನಿಜ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ಹಿಲ್ ದಂಪತಿಯ ಕಥೆಯೇ ಟಿವಿ ಚಿತ್ರವಾಯಿತು. 1975ರ ಅಕ್ಟೋಬರ್ 20ರಂದು ಎನ್‌ಬಿಸಿ ವಾಹಿನಿ ಅದನ್ನು ಇಡೀ ಅಮೆರಿಕಕ್ಕೆ ತೋರಿಸಿತು. ನವೆಂಬರ್ 5ರಂದು ಅರಿಜೋನಾದ ಕಾಡಿನಲ್ಲಿ ಮರ ಕಡಿಯುವ ಕೆಲಸದ ಟ್ರಾವಿಸ್ ವಾಲ್ಟನ್ ಕಾಣೆಯಾದರು. ಐದು ದಿನದ ನಂತರ ಮರಳಿ ಬಂದು, ವಾಹನದೊಳಗೆ ದೊಡ್ಡ ಕಣ್ಣಿನ ಬೋಳು ತಲೆಯ ಜೀವಿಗಳನ್ನು ಕಂಡೆ ಎಂದರು. ಆಮೇಲೆ ಅದೂ ಸಿನಿಮಾ ಆಯಿತು. ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಬರುತ್ತದಲ್ಲ, ಗದ್ದಲದಲ್ಲಿ ಯಾವುದು ತಟ್ಟಿದ್ದು ಯಾವುದು ಮರಳಿ ಬಂದದ್ದು ಗೊತ್ತಾಗುವುದಿಲ್ಲ. ಟಿವಿ ಮತ್ತು ಜನರ ಮಾತಿನ ನಡುವೆ ಆಗಿರುವುದು ಅದೇ.

ಮಲಗುವ ಕೋಣೆಗೆ ಬರುವ ಅನ್ಯಲೋಕದವರ ಕಥೆಗೆ ಇನ್ನೊಂದು ಬೇರು ಇದೆ. ನಿದ್ದೆಯಲ್ಲಿ ಕನಸು ಕಾಣುವಾಗ ಮಿದುಳು ಕೈಕಾಲುಗಳನ್ನು ಅಲುಗಾಡದಂತೆ ಕಟ್ಟಿಡುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದಾಗ ಹಾಸಿಗೆಯಿಂದ ಬಿದ್ದೇವು. ಕೆಲವೊಮ್ಮೆ ಎಚ್ಚರ ಮೊದಲು ಬಂದು ಕಟ್ಟು ಬಿಚ್ಚುವುದು ತಡವಾಗುತ್ತದೆ. ಕಣ್ಣು ತೆರೆದಿದೆ, ಮೈ ಕದಲುತ್ತಿಲ್ಲ, ಎದೆ ಭಾರ, ಕೋಣೆಯಲ್ಲಿ ಯಾರೋ ಇದ್ದಾರೆ ಎಂಬ ಭಾವನೆ. ನಮ್ಮ ಊರಲ್ಲಿ ಇದು ಎದೆ ಮೇಲೆ ಕೂತ ದೆವ್ವ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಅದೊಂದು ಮುದುಕಿ. ಟಿವಿ ನೋಡಿ ಬೆಳೆದ ಅಮೆರಿಕದವರಿಗೆ ದೊಡ್ಡ ಕಣ್ಣಿನ ಬೂದು ಜೀವಿ. ನಿಮಗೆ ಹೀಗೆ ಆಗಿದ್ದರೆ ಹೆದರಬೇಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ಪದೇ ಪದೇ ಆಗುತ್ತಿದ್ದರೆ ವೈದ್ಯರಿಗೆ ಹೇಳಿ.

ಅಮೆರಿಕದ ರಾಸ್‌ವೆಲ್ ಊರಿನ ಹೆಸರು ನೀವು ಕೇಳಿರುತ್ತೀರಿ. ಅರ್ನಾಲ್ಡ್ ಸುದ್ದಿಯಾದ ಎರಡೇ ವಾರಕ್ಕೆ ನ್ಯೂ ಮೆಕ್ಸಿಕೋದ ಒಬ್ಬ ದನಗಾಹಿ ತಾನು ನೋಡಿಕೊಳ್ಳುತ್ತಿದ್ದ ಜಮೀನಿನಲ್ಲಿ ಸಿಕ್ಕ ಬೇಗಡೆ, ರಬ್ಬರ್ ಪಟ್ಟಿ, ಕಡ್ಡಿಗಳ ಸುದ್ದಿ ತಂದ. 1947ರ ಜುಲೈ 8ರಂದು ರಾಸ್‌ವೆಲ್ ಸೇನಾ ನೆಲೆಯವರೇ 'ಹಾರುವ ತಟ್ಟೆ ಸಿಕ್ಕಿದೆ' ಎಂದು ಪ್ರಕಟಣೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಮಾತು ಬದಲಿಸಿ, ಹವಾಮಾನದ ಬಲೂನ್ ಎಂದರು. 1994ರಲ್ಲಿ ವಾಯುಪಡೆ ಹೇಳಿದ್ದು ಬೇರೆ. ಅದು ಮೊಗಲ್ ಎಂಬ ಗುಟ್ಟಿನ ಯೋಜನೆಯ ಬಲೂನ್ ಸಾಲು, ಸೋವಿಯತ್ ಅಣುಬಾಂಬ್ ಪರೀಕ್ಷೆಯ ಸದ್ದನ್ನು ಮೇಲಿನ ಗಾಳಿಯಲ್ಲಿ ಹಿಡಿಯಲು ಬಿಟ್ಟಿದ್ದು. ಅಂದರೆ ಸರ್ಕಾರ ಮುಚ್ಚಿಟ್ಟದ್ದು ನಿಜ. ಮುಚ್ಚಿಟ್ಟದ್ದು ಬೇರೆ ಲೋಕದವರನ್ನಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಜನರ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎಂದು ತಳ್ಳಿಹಾಕುವುದು ಅನ್ಯಾಯ. ಇನ್ನೊಂದು ಗಮನಿಸಿ. 1947ರಲ್ಲಿ ಅನ್ಯಲೋಕದವರ ಶವಗಳ ಮಾತೇ ಇರಲಿಲ್ಲ. ಮೂವತ್ತು ವರ್ಷ ರಾಸ್‌ವೆಲ್ ಅನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಸತ್ತ ಜೀವಿಗಳು ಕಥೆಯೊಳಗೆ ಬಂದದ್ದು 1978ರ ನಂತರ ಹಳಬರನ್ನು ಮತ್ತೆ ಮಾತಾಡಿಸಲು ಶುರು ಮಾಡಿದ ಮೇಲೆ. ಅಷ್ಟರಲ್ಲಿ ಒಂದು ತಲೆಮಾರು ಟಿವಿಯಲ್ಲಿ ಅನ್ಯಲೋಕದವರನ್ನು ನೋಡಿ ಬೆಳೆದಿತ್ತು.

ನಮ್ಮ ಪಕ್ಕದಲ್ಲೇ ಒಂದು ಸಣ್ಣ ರಾಸ್‌ವೆಲ್ ನಡೆದದ್ದು ನೆನಪಿದೆಯೇ? 2025ರ ಜನವರಿ 18ರಂದು ಬೀದರ್ ಜಿಲ್ಲೆಯ ಜಲಸಂಗಿ ಊರಿನಲ್ಲಿ ಆಕಾಶದಿಂದ ದೊಡ್ಡ ಬಲೂನೊಂದು ಯಂತ್ರದ ಸಮೇತ ಬಿತ್ತು. ಊರಿನವರು ಹೆದರಿದರು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರ ಹಾರಿಬಿಟ್ಟದ್ದು ಅದು. ಇಂಥ ಬಲೂನ್‌ಗಳು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯವು. ಮೂವತ್ತು ಕಿಲೋಮೀಟರಿಗಿಂತ ಮೇಲೆ ಏರುತ್ತವೆ. ನೆಲದಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಬಿಸಿಲು ಇರುವುದರಿಂದ ಸಂಜೆ ಹೊಳೆಯುತ್ತವೆ. ಗಾಳಿ ಎತ್ತ ಒಯ್ದರೆ ಅತ್ತ. ಜಲಸಂಗಿಯ ಬಲೂನ್ ದಂತಕಥೆ ಆಗಲಿಲ್ಲ. ಯಾಕೆ? ಯಾರದ್ದು, ಯಾಕೆ ಬಿಟ್ಟರು ಎಂದು ಬೇಗ ಗೊತ್ತಾಯಿತು. ರಾಸ್‌ವೆಲ್‌ನಲ್ಲಿ ಉತ್ತರ ಸಿಗಲು 47 ವರ್ಷ ಬೇಕಾಯಿತು.

ಜನರ ಮಾತನ್ನು ಟಿವಿ ಹೇಗೆ ಎತ್ತಿಕೊಂಡಿತು ಎಂಬುದೂ ಸ್ವಾರಸ್ಯದ ವಿಷಯ. ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಬರುತ್ತಿದ್ದ ಕಾಲ ನನಗೆ ನೆನಪಿದೆ. ಓಣಿಗೆ ಒಂದೇ ಟಿವಿ. ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಕೆಳಗಿನಿಂದ "ಬಂತ್, ಬಂತ್" ಎಂದು ಕೂಗುವುದು. ಆ ಧಾರಾವಾಹಿಯ 1967ರ ಜನವರಿಯ ಒಂದು ಕಂತಿನಲ್ಲಿ ನಾಯಕರ ನೌಕೆ ಕಾಲದಲ್ಲಿ ಹಿಂದೆ ಸರಿದು 1960ರ ದಶಕದ ಭೂಮಿಯ ಮೇಲೆ ಬಂದುಬಿಡುತ್ತದೆ. ಅಮೆರಿಕದ ವಾಯುಪಡೆ ಅದನ್ನು ಯುಎಫ್‌ಒ ಎಂದು ಬೆನ್ನಟ್ಟುತ್ತದೆ. ನಿಜದ ವಾಯುಪಡೆ ಆಗ ಬ್ಲೂ ಬುಕ್ ಎಂಬ ಯೋಜನೆಯಲ್ಲಿ ಇಂಥ ದೂರುಗಳನ್ನೇ ಪರಿಶೀಲಿಸುತ್ತಿತ್ತು. ನನಗೆ ಆ ಕಂತು ಬಹಳ ಇಷ್ಟ. ಗುರುತು ಸಿಗದ ವಸ್ತುವಿನ ಒಳಗೆ ಕೂತು ನಮ್ಮನ್ನೇ ನೋಡುವಂತೆ ಮಾಡುತ್ತದೆ.

1993ರ ಸೆಪ್ಟೆಂಬರ್ 10ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿ ಇನ್ನೂ ಮುಂದೆ ಹೋಯಿತು. ಎತ್ತಿಕೊಂಡು ಹೋಗುವ ಬೂದು ಜೀವಿಗಳು, ಬಾಯಿ ಮುಚ್ಚಿಸುವ ಕಪ್ಪು ಸೂಟಿನವರು, ಸರ್ಕಾರದ ಗುಟ್ಟು. ಇವೆಲ್ಲ ಅಮೆರಿಕದಲ್ಲಿ ಮೊದಲೇ ಓಡಾಡುತ್ತಿದ್ದ ಬಿಡಿ ಕಥೆಗಳು. ಧಾರಾವಾಹಿ ಅವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿತು. ಎರಡು ವರ್ಷದ ನಂತರ ಅದೇ ಫಾಕ್ಸ್ ವಾಹಿನಿ, ರಾಸ್‌ವೆಲ್ ಜೀವಿಯ ಶವಪರೀಕ್ಷೆ ಎಂದು ಒಂದು ಕಪ್ಪು ಬಿಳುಪು ಚಿತ್ರ ತೋರಿಸಿತು. ಲಕ್ಷಾಂತರ ಜನ ನೋಡಿದರು. ಅದು ಲಂಡನ್‌ನ ಒಂದು ಮನೆಯಲ್ಲಿ ಗೊಂಬೆ ಮಾಡಿ ತೆಗೆದದ್ದು ಎಂದು 2006ರಲ್ಲಿ ಹೊರಬಿತ್ತು. ಒಂದು ವಾಹಿನಿಯಲ್ಲಿ ಕಥೆಯೂ ಅದೇ, 'ಸತ್ಯ'ವೂ ಅದೇ ಆದರೆ ನೋಡುವವರು ಎರಡನ್ನೂ ಬೇರೆ ಮಾಡುವುದು ಹೇಗೆ? ಇದರ ಬಗ್ಗೆ ನನಗೆ ಸಿಟ್ಟಿದೆ. ಕಥೆಯನ್ನು ಕಥೆ ಎಂದೇ ಹೇಳಿದ ಧಾರಾವಾಹಿಯ ಮೇಲಲ್ಲ, ಗೊಂಬೆಯನ್ನು ಶವ ಎಂದು ಮಾರಿದವರ ಮೇಲೆ.

ಇದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. 1990ರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ದೆವ್ವ ಬಾಗಿಲು ಬಡಿಯುತ್ತದೆ, ಓದಿ ಮರಳಿ ಹೋಗುತ್ತದೆ ಎಂದು. ಆ ನಂಬಿಕೆ 2018ರಲ್ಲಿ ಹಿಂದಿ ಸಿನಿಮಾದೊಳಗೆ ಹೋಯಿತು. ಇವತ್ತಿನ ಮಕ್ಕಳಿಗೆ ಅದು ಸಿನಿಮಾದಿಂದ ಗೊತ್ತು. 2002ರಲ್ಲಿ ಉತ್ತರ ಪ್ರದೇಶದಲ್ಲಿ 'ಮುಹ್‌ನೋಚ್ವಾ' ಬಂತು. ಬೆಳಕು ಸೂಸುತ್ತಾ ಹಾರಿ ಬಂದು ಮುಖ ಪರಚುತ್ತದಂತೆ. ಬೇಸಿಗೆಯ ಧಗೆಯಲ್ಲೂ ಮಾಳಿಗೆ ಮೇಲೆ ಮಲಗಲು ಜನ ಹೆದರಿದರು.

ಹೆದರಿಕೆ ಹೆದರಿಕೆಯಾಗಿಯೇ ಉಳಿದರೆ ಪರವಾಗಿಲ್ಲ. 1960ರ ಮಾರ್ಚ್‌ನಲ್ಲಿ 'ದಿ ಟ್ವಿಲೈಟ್ ಝೋನ್' ಧಾರಾವಾಹಿಯ ಒಂದು ಕಂತು ಬಂತು. ಒಂದು ಓಣಿಯಲ್ಲಿ ಕರೆಂಟು ಹೋಗುತ್ತದೆ. ನಮ್ಮೊಳಗೆ ಯಾರೋ ಅನ್ಯಲೋಕದವರು ಇದ್ದಾರೆ ಎಂದು ಒಬ್ಬ ಹುಡುಗ ಕಥೆಯಲ್ಲಿ ಓದಿದ್ದನ್ನು ಹೇಳುತ್ತಾನೆ. ರಾತ್ರಿಯಾಗುವಷ್ಟರಲ್ಲಿ ನೆರೆಯವರು ನೆರೆಯವರನ್ನೇ ಕೊಲ್ಲುತ್ತಾರೆ. ಲಿಯೋನ್‌ನಲ್ಲಿ ಕಲ್ಲು ಹಿಡಿದು ನಿಂತಿದ್ದ ಗುಂಪು ಅದು. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಸೇರಿದ್ದೂ ಅದೇ ಗುಂಪು. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರನ್ನು ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪ್ ಸುದ್ದಿ ನಂಬಿ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತ. ಆ ದಿನ ಅಲ್ಲಿ ಒಬ್ಬ ಆಗೊಬಾರ್ಡ್‌ನ ಮಾತು ನಡೆಯಲಿಲ್ಲ.

ಇನ್ನೊಂದು ಕವಲು ನಮ್ಮ ಮನೆಯೊಳಗೇ ಬರುತ್ತದೆ. ಹಳೆಯ ದೇವರುಗಳು ನಿಜಕ್ಕೂ ಅನ್ಯಲೋಕದವರು, ದೇವಾಲಯ, ಪಿರಮಿಡ್ ಕಟ್ಟಿದ್ದು ಅವರೇ ಎನ್ನುವ ಮಾತು. ಸ್ವಿಟ್ಜರ್ಲೆಂಡಿನ ಲೇಖಕ ಎರಿಕ್ ಫಾನ್ ಡ್ಯಾನಿಕನ್ 1968ರಲ್ಲಿ ಇದನ್ನು ಜನಪ್ರಿಯ ಮಾಡಿದರು. 1997ರಿಂದ ಹತ್ತು ವರ್ಷ ನಡೆದ 'ಸ್ಟಾರ್‌ಗೇಟ್' ಧಾರಾವಾಹಿ ಅದನ್ನು ಒಳ್ಳೆಯ ಕಥೆ ಮಾಡಿತು. ಕಥೆಯಾಗಿ ನನಗೂ ಇಷ್ಟ. ಆದರೆ ಬಾದಾಮಿ, ಪಟ್ಟದಕಲ್ಲಿನ ಫೋಟೊ ಹಾಕಿ 'ಇದನ್ನು ಮನುಷ್ಯರು ಕಟ್ಟಲು ಸಾಧ್ಯವೇ?' ಎಂದು ಕೇಳುವ ವಿಡಿಯೊ ನೋಡಿದರೆ ಹೊಟ್ಟೆ ಉರಿಯುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಶಾಸನ ಇದೆ. ಕಟ್ಟಿಸಿದ್ದು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಕಟ್ಟಿದ್ದು ಗುಂಡ ಅನಿವಾರಿತಾಚಾರಿ. ಹೆಸರು ಕಲ್ಲಿನ ಮೇಲಿದೆ. ಎಂಟನೇ ಶತಮಾನದ ಒಬ್ಬ ಕೆಲಸಗಾರನ ಹೆಸರು ಇಂದಿಗೂ ಓದಲು ಸಿಗುತ್ತದೆ. ಆ ಹೆಸರು ಅಳಿಸಿ ಬೇರೆ ಲೋಕದವರನ್ನು ಕೂರಿಸುವುದು ಯಾವ ನ್ಯಾಯ?

ವೈಮಾನಿಕ ಶಾಸ್ತ್ರದ ಮಾತೂ ಹೀಗೇ. ಪುಷ್ಪಕ ವಿಮಾನದ ಯಂತ್ರವಿದ್ಯೆ ಅದರಲ್ಲಿದೆ ಎಂದು ನಂಬುವವರು ಬಹಳ. ಆ ಪುಸ್ತಕಕ್ಕೂ ಕರ್ನಾಟಕಕ್ಕೂ ಹತ್ತಿರದ ನಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು. ಮೈಸೂರಿನ ಜೋಸ್ಯರ್ ಅವರು ಆಮೇಲೆ ಅಚ್ಚು ಹಾಕಿಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಜೊತೆಗಾರರು ಅದನ್ನು ಪರಿಶೀಲಿಸಿದರು. ಆ ಪುಸ್ತಕ 1904ಕ್ಕಿಂತ ಹಳೆಯದಲ್ಲ, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂದು ಬರೆದರು. ಪುಷ್ಪಕದ ಕಥೆ ಇದರಿಂದ ಸಣ್ಣದಾಗುವುದಿಲ್ಲ. ಹಾರುವ ಕನಸನ್ನು ಅಷ್ಟು ಹಿಂದೆಯೇ ಕಂಡವರು ನಮ್ಮ ಕವಿಗಳು. ಕನಸಿಗೆ ಎಂಜಿನ್ ಕೂರಿಸುವ ಅಗತ್ಯ ಏನಿದೆ?

ಹಾಗಾದರೆ ಎಲ್ಲಕ್ಕೂ ಉತ್ತರ ಸಿಕ್ಕಿದೆಯೇ? ಇಲ್ಲ. ಬ್ಲೂ ಬುಕ್ ಮುಚ್ಚಿದ 1969ರ ಹೊತ್ತಿಗೆ 12,618 ವರದಿಗಳಿದ್ದವು. ಅದರಲ್ಲಿ 701ಕ್ಕೆ ಕಾರಣ ಸಿಗಲಿಲ್ಲ. 2021ರಲ್ಲಿ ಅಮೆರಿಕ ಸರ್ಕಾರ 144 ವರದಿ ನೋಡಿ, ಖಚಿತವಾಗಿ ಗುರುತಿಸಿದ್ದು ಒಂದನ್ನು ಮಾತ್ರ. ಅದು ಗಾಳಿ ಹೋಗುತ್ತಿದ್ದ ಬಲೂನ್. ಗುರುತು ಸಿಗಲಿಲ್ಲ ಅಂದರೆ ಗುರುತು ಸಿಗಲಿಲ್ಲ ಎಂದಷ್ಟೇ ಅರ್ಥ. ಯುಎಫ್‌ಒ ಎಂಬ ಹೆಸರಿನ ಮೊದಲ ಅಕ್ಷರ ಹೇಳುವುದೂ ಅದನ್ನೇ. 2024ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ (ಪೆಂಟಗನ್) ಒಂದು ಕಚೇರಿ 1945ರಿಂದೀಚಿನ ತನಿಖೆಗಳನ್ನೆಲ್ಲ ನೋಡಿ, ಬೇರೆ ಲೋಕದ ವಾಹನಕ್ಕೆ ಪುರಾವೆ ಇಲ್ಲ ಎಂದಿತು. ಟಿವಿ ಕಾರ್ಯಕ್ರಮ, ಪುಸ್ತಕ, ಸಿನಿಮಾಗಳು ಈ ವಿಷಯದ ಮಾತುಕತೆಯ ಮೇಲೆ ಪ್ರಭಾವ ಬೀರಿರಬೇಕು ಎಂದೂ ಬರೆಯಿತು.

ನಮ್ಮ ಕಡೆಯ ಆಕಾಶದಲ್ಲಿ ನೋಡಲು ಬೇಕಾದಷ್ಟಿದೆ. ಸಂಜೆ ಅಥವಾ ನಸುಕಿನಲ್ಲಿ ಹೊಳೆಯುವ ಬೆಳ್ಳಿ ಚಿಕ್ಕಿ, ಅಂದರೆ ಶುಕ್ರ. ಸೋಲಾಪುರ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಜೊತೆಗೇ ಓಡಿ ಬಂದಂತೆ ಕಾಣುತ್ತದೆ. ಹತ್ತಿರದ ಮರಗಳು ಹಿಂದೆ ಸರಿಯುತ್ತವೆ, ಕೋಟ್ಯಂತರ ಕಿಲೋಮೀಟರ್ ದೂರದ್ದು ಸರಿಯುವುದಿಲ್ಲ, ಅದಕ್ಕೆ. ರಾತ್ರಿ ದೂರದ ಗಾಳಿಯಂತ್ರಗಳ ಮೇಲೆ ಕೆಂಪು ದೀಪ ಮಿನುಗುತ್ತವೆ. ಕತ್ತಲಲ್ಲಿ ಕಂಬ ಕಾಣದೆ ದೀಪ ಮಾತ್ರ ತೇಲುತ್ತದೆ. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಸೇರಿಕೊಂಡಿವೆ. ಮೊದಲ ಸಲ 60 ಒಟ್ಟಿಗೆ ಬಿಟ್ಟಿದ್ದರು. ಹೊಸದಾಗಿ ಬಿಟ್ಟಾಗ ಕೆಲವು ದಿನ ಮಣಿ ಪೋಣಿಸಿದ ಹಾಗೆ ಸಾಲಾಗಿ ಹೋಗುತ್ತವೆ.

ಅಕ್ಕನ ಮಗನಿಗೆ ನಾನೊಂದು ನೋಟ್‌ಬುಕ್ ಕೊಟ್ಟಿದ್ದೇನೆ. ಏನಾದರೂ ಕಂಡ ಕೂಡಲೇ, ಯಾರ ಜೊತೆಗೂ ಮಾತಾಡುವ ಮೊದಲು ಬರೆಯಬೇಕು. ಸಮಯ, ದಿಕ್ಕು, ನೆಲದಿಂದ ಎಷ್ಟು ಮುಷ್ಟಿ ಎತ್ತರ, ಎಷ್ಟು ಹೊತ್ತು, ಬಣ್ಣ, ಸದ್ದು. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಕೊನೆಯ ಕಾಲಂ 'ಏನು'. ಹೋದ ತಿಂಗಳು ಹೊಲಕ್ಕೆ ಹೋದಾಗ ಹಳ್ಳದ ಆಚೆ ಮತ್ತೆ ಆ ಬೆಳಕು ಕಂಡಿತು. ಹತ್ತಿತು, ಆರಿತು, ಸ್ವಲ್ಪ ಸರಿದು ಮತ್ತೆ ಹತ್ತಿತು. ಅವನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬರೆದ. ರಾತ್ರಿ 9.20, ಪಶ್ಚಿಮ, ನೆಲಕ್ಕೆ ತಾಗಿದ ಹಾಗೆ, ಹಳದಿ, ಸದ್ದಿಲ್ಲ, ನಾಲ್ಕು ನಿಮಿಷ. ನಾನು ಮುತ್ಯಾ ಹೇಳಿದ ಹೆಸರು ಹೇಳಿದೆ. ಅವನು ಅದನ್ನು ಪಕ್ಕದ ಪುಟದಲ್ಲಿ ಬೇರೆಯಾಗಿ ಬರೆದುಕೊಂಡ. 'ಏನು' ಎಂಬ ಕಾಲಂ ಖಾಲಿ ಬಿಟ್ಟ.